ಅಟ್ಟಕ್ಕೇರಿದ ರಾಟಿ

ಹುನ್ನೂರ
11 ನವೆಂಬರ್ 2024

ಮಗಳೇ ಮಾಲಾ,

ಈ ಪಾಕೀಟು ಒಡೆದ ಕೂಡಲೇ ನೀನು ಮೊದಲು ನನ್ನ ಅಕ್ಷರ ನೋಡಿ ನಗಬೇಕು. ನಗು ಬರಲಿಲ್ಲವೆಂದರೆ ವಾಪಸು ಕಳಿಸು, ಇನ್ನೂ ಕೆಟ್ಟದಾಗಿ ಬರೆದು ಕಳಿಸುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ನಾಲ್ಕನೆಯದನ್ನು ಎರಡು ಸಲ ಕಲಿತಿದ್ದೇನೆ, ಹೀಗಾಗಿ ನನ್ನ ನಾಲ್ಕು, ಊರವರ ನಾಲ್ಕಿಗಿಂತ ಗಟ್ಟಿ.

ಮೊನ್ನೆ ಮಹಾಲಿಂಗಪುರಕ್ಕೆ ನಿಮ್ಮ ಮನೆಗೆ ಬಂದಾಗ ನೀನು ಹೇಳಿದ್ದು ನೆನಪಿದೆ. "ಕಾಕಾ, ಫೋನ್ ಮಾಡಬ್ಯಾಡ್ರಿ. ಫೋನಿನ್ಯಾಗ ನಾ ಏನರೆ ಅಂತೇನಿ ಅಂತ ಕಾಯ್ತೀರಿ. ನನ್ನ ಕಡೆ ಅನ್ನಾಕ ಏನೂ ಇರೂದಿಲ್ಲ." ಅದಕ್ಕೇ ಈ ಕಾಗದ. ಕಾಗದ ಕಾಯುವುದಿಲ್ಲ. ದಿಂಬಿನ ಕೆಳಗೆ ಬಿದ್ದುಕೊಂಡಿರುತ್ತದೆ.

ಏನಾಗಿದೆ ಎಂದು ಹತ್ತು ಸಲ ಕೇಳಿದೆ. ಹತ್ತು ಸಲವೂ "ಏನೂ ಆಗಿಲ್ರಿ" ಅಂದೆ. ನಿನ್ನ ಗಂಡ ಸೋಮಲಿಂಗ ಬೆಲ್ಲದ ಪೇಟೆಯಲ್ಲಿ ದುಡಿದು ದುಡಿದು ಮಾತಿನಲ್ಲೂ ಸಿಹಿಯಾದವನು. ಅತ್ತೆ ಯಂಕವ್ವನಿಗೆ ಬೈಯುವುದೇ ಬರುವುದಿಲ್ಲ, ನಾನೇ ಕಲಿಸಬೇಕಾದೀತು. ಹೀಗಿದ್ದೂ ನೀನು ಎರಡು ತಿಂಗಳಿಂದ ಕಿಟಕಿ ಮುಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತೀ ಎಂದರೆ ಅದು ಮನಸ್ಸಿನ ಜಡ್ಡು. ಅದರ ಇಲಾಜು ನನಗೆ ಗೊತ್ತು.

ಮುಂಜಾನೆ ಎದ್ದು ತಣ್ಣೀರಲ್ಲಿ ಮುಖ ತೊಳೆ. ತೊಳೆಯಲು ಬೇಜಾರಾದರೆ ಬರೀ ಒಂದು ಕಣ್ಣು ತೊಳೆ, ಇನ್ನೊಂದು ತಾನೇ ಹೊಟ್ಟೆಕಿಚ್ಚಿನಿಂದ ತೆರೆದುಕೊಳ್ಳುತ್ತದೆ. ಕಿಟಕಿ ತೆಗೆದು ಬಿಸಿಲು ಒಳಗೆ ಬಿಡು. ಪಕ್ಕದ ಮನೆಯ ಕೋಳಿಗೆ ನಿನಗಾಗದವರ ಹೆಸರಿಟ್ಟು ಮನಸಾರೆ ಬೈ. ನನ್ನ ಹೆಸರಿಟ್ಟರೂ ಅಡ್ಡಿಯಿಲ್ಲ, ಹುಂಜ ಇದ್ದರೆ ಮಾತ್ರ. ಸಂಜೆ ಮಾಳಿಗೆಯ ಮೇಲೆ ಹತ್ತು ಸುತ್ತು ಹಾಕು. ನಾನಂತೂ ಬ್ಯಾಸರ ಬಂದರೆ ಡೊಳ್ಳಿನ ಪದ ಹಾಡುತ್ತೇನೆ. ನನಗೆ ಗೆಲುವಾಗುತ್ತದೆ, ಓಣಿಯವರಿಗೆ ಬ್ಯಾಸರಾಗುತ್ತದೆ.

ಎಲ್ಲಕ್ಕೂ ದೊಡ್ಡ ಇಲಾಜನ್ನು ಬರುವಾಗಲೇ ಮಾಡಿ ಬಂದಿದ್ದೇನೆ. ನಿಮ್ಮ ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅವ್ವ ಅಪ್ಪ ಇಲ್ಲದ ಕೂಸನ್ನ ಈ ಕೈಲೆ ಬೆಳಸೇನಿ. ಆಕಿಗೆ ಆರಾಮಾಗೂತನಾ ಕೈಯಾಗ ಕಸಬರಿಗಿ ಕೊಡಬ್ಯಾಡ್ರಿ, ಕೊಡಾ ಎತ್ತಿಸಬ್ಯಾಡ್ರಿ." ಯಂಕವ್ವ ತಲೆಬಾಗಿಸಿ ಹೂಂ ಅಂದಳು. ನಮ್ಮ ಮಾತೆಂದರೆ ಹಾಗೆ. ಚಿಕ್ಕಪಡಸಲಗಿಯಲ್ಲಿ ರೈತರು ಬ್ಯಾರೇಜು ಕಟ್ಟಿದಾಗ ಕಲ್ಲು ಹೊತ್ತ ಹೆಗಲು ಇದು. ಕೃಷ್ಣೆಯನ್ನೇ ನಿಲ್ಲಿಸಿದವನಿಗೆ ನಿಮ್ಮ ಅತ್ತೆಯನ್ನು ನಿಲ್ಲಿಸುವುದೇನು ದೊಡ್ಡ ಮಾತು?

ನೀನು ರಾಣಿಯ ಹಾಗೆ ಕೂತಿರು. ನಿನ್ನ ಚಿಗವ್ವ ಬೀಳಗಿಯಲ್ಲಿ ಅವಳ ತಮ್ಮ ನಿಂಗಣ್ಣನ ಮನೆಗೆ ಹೋಗಿದ್ದಾಳೆ, ನಾಲ್ಕು ದಿನ ಇದ್ದು ಬರುತ್ತಾಳೆ. ಬಂದ ಮೇಲೆ ಇಬ್ಬರೂ ಬರುತ್ತೇವೆ.

ನಿನ್ನ ಕಾಕಾ,
ಹುನ್ನೂರಿನ ಕಂಬಳಿ ಮಹಾರಾಜ
ಗಿರಮಲ್ಲಪ್ಪ


ಮಹಾಲಿಂಗಪುರ
29 ನವೆಂಬರ್ 2024

ಕಾಕಾ ಅವರಿಗೆ,

ನಿಮ್ಮ ಕಾಗದ ಹನ್ನೆರಡು ದಿನ ದಿಂಬಿನ ಕೆಳಗೇ ಇತ್ತು. ಹದಿಮೂರನೇ ದಿನ ಓದಿದೆ. ಒಂದು ಕಣ್ಣಿನ ಮಾತಿಗೆ ಸ್ವಲ್ಪ ನಗು ಬಂತು. ಅತ್ತೆ ಓಡಿ ಬಂದು ನೋಡಿದರು, ಅವರು ನೋಡಿದ ಮೇಲೆ ಹೋಯಿತು.

ಇಲ್ಲಿ ಎಲ್ಲರೂ ನಿಮ್ಮ ಮಾತು ನಡೆಸುತ್ತಿದ್ದಾರೆ. ನೀರು ಬೇಕೆಂದರೂ ಕೈಗೆ ತಂದುಕೊಡುತ್ತಾರೆ. ಹಾಸಿಗೆಯನ್ನು ಅವರೇ ಮಡಚುತ್ತಾರೆ. ಕಿಟಕಿಯನ್ನೂ ಅವರೇ ತೆಗೆಯುತ್ತಾರೆ.

ಚಿಗವ್ವ ಬೀಳಗಿಗೆ ಹೋಗಿ ಐದು ವರ್ಷವಾಯಿತಲ್ಲ ಕಾಕಾ. ನೀವು ಇನ್ನೂ ನಾಲ್ಕು ದಿನ ಎಂದೇ ಬರೆಯುತ್ತೀರಿ.

ಮಾಲಾ


ಹುನ್ನೂರ
8 ಡಿಸೆಂಬರ್ 2024

ಮಾಲಾ ಮಗಳೇ,

ನಕ್ಕೆಯಲ್ಲ! ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ಓದಿ ತೋರಿಸಿದೆ. ಕೊನೆಯ ಎರಡು ಸಾಲು ಓದಲಿಲ್ಲ, ಅದು ಮನೆಯ ಮಾತು. "ನೋಡ್ರಲೇ, ಡಾಕ್ಟರ್‌ಗಿಂತ ಮೊದಲ ನಾ ಮುಟ್ಟಿಸೇನಿ ಔಷಧ" ಎಂದೆ. ಗುರುಸಿದ್ದ ನಿನಗೆ ಗೊತ್ತಲ್ಲ, ಕುರಿ ಎಣಿಸುವಾಗ ತನ್ನನ್ನೂ ಸೇರಿಸಿಕೊಂಡು ಎಣಿಸುತ್ತಾನೆ, ಅವನು "ನನಗೂ ಒಂದ ಕಾಗದ ಬರಿಯೋ ಗಿರಮಲ್ಲಾ, ನನ್ನ ಹೇಂತಿನೂ ನಕ್ಕು ಭಾಳ ದಿನಾತು" ಅಂದ. ನಾನು ಅವನಿಗೆ, ನಿನ್ನ ಹೆಂಡತಿ ನಿನ್ನ ಮುಖ ನೋಡಿಯೂ ನಗುತ್ತಿಲ್ಲವೆಂದರೆ ಕಾಗದದಿಂದ ಆಗುವುದಿಲ್ಲ ಎಂದೆ.

ಕೈಗೆ ನೀರು ತಂದುಕೊಡುತ್ತಾರೆ ಎಂದು ಬರೆದಿದ್ದೀ. ಛಲೋ ಆಯಿತು. ಹಾಗೇ ಇರಲಿ. ಹೆಣ್ಣುಮಕ್ಕಳ ಜಡ್ಡಿಗೆಲ್ಲ ದುಡಿಮೆಯೇ ಮೂಲ ಎಂದು ನಾನು ಹಿಂದೆಯೇ ಕಂಡುಹಿಡಿದವನು. ನಿನ್ನ ಚಿಗವ್ವ ಲಗಮವ್ವ ಹೀಗೇ ಮಂಕಾದಾಗ ನಾನೇನು ಮಾಡಿದೆ? ಅವಳು ಉಣ್ಣೆ ನೂಲುತ್ತಿದ್ದ ರಾಟಿಯನ್ನೇ ಎತ್ತಿ ಅಟ್ಟಕ್ಕೆ ಹಾಕಿದೆ. "ಇನ್ನ ಮ್ಯಾಲ ನೀ ನೂಲಬ್ಯಾಡ, ನೂಲು ಕೊಂಡ ತರ್ತೇನಿ, ಆರಾಮ ಕುಂಡ್ರು" ಎಂದೆ. ಕುರುಬರ ಓಣಿಯಲ್ಲಿ ನೂಲದೆ ಕೂತ ಹೆಂಡತಿ ಅವಳೊಬ್ಬಳೇ. ಊರೆಲ್ಲ ಸುದ್ದಿಯಾಯಿತು. ಹುನ್ನೂರಿನಲ್ಲಿ ಇನ್ಯಾವ ಗಂಡ ಹಾಗೆ ಮಾಡಿದ್ದಾನೆ ಹೇಳು.

ಉಂಡು, ಮಲಗಿ, ದಿನಕ್ಕೊಂದು ಸಲ ನಗು. ಬರೀ ಇಷ್ಟೇ ನಿನ್ನ ಕೆಲಸ.

ನಿನ್ನ ಕಾಕಾ,
ಎಂಬಿಬಿಎಸ್ ಓದದ ಡಾಕ್ಟರ್
ಗಿರಮಲ್ಲಪ್ಪ


ಮಹಾಲಿಂಗಪುರ
24 ಜನವರಿ 2025

ಕಾಕಾ ಅವರಿಗೆ,

ನಾನು ಬರೆಯಲಿಲ್ಲವೆಂದು ಸಿಟ್ಟಾಗಬೇಡಿರಿ. ಬರೆಯುವ ಹಾಗೆ ಇರಲಿಲ್ಲ. ಈಗಲೂ ಮೂರು ದಿನದಿಂದ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇನೆ.

ಎಳ್ಳು ಅಮಾವಾಸ್ಯೆಯ ದಿನ ಎದ್ದ ಕೂಡಲೇ ಮನಸ್ಸು ಸ್ವಲ್ಪ ಹಗುರವಾಗಿತ್ತು. ಯಾಕೆಂದು ಗೊತ್ತಿಲ್ಲ. ಒಲೆಯ ಮುಂದೆ ಹೋಗಿ ಕೂತು ಸಜ್ಜೆಯ ಹಿಟ್ಟು ನಾದಿದೆ. ಒಂದು ರೊಟ್ಟಿ ಬಡಿದೆ. ದುಂಡಗೆ ಬಂತು. ಎರಡನೆಯದಕ್ಕೆ ಹಿಟ್ಟು ತೆಗೆದುಕೊಂಡಾಗ ಅತ್ತೆ ಬಂದು ಕೈಯಿಂದ ಉಂಡೆ ತೆಗೆದುಕೊಂಡರು. "ಬ್ಯಾಡವ್ವ, ನಿಮ್ಮ ಕಾಕಾ ಎಲ್ಲಾರ ಮುಂದ ಹೇಳಿ ಹೋಗ್ಯಾರ. ನಾಳೆ ಬಂದು ನನ್ನ ಕೇಳಿದ್ರ ಏನ ಹೇಳ್ಲಿ?" ಎಂದರು. ಪ್ರೀತಿಯಿಂದಲೇ ಅಂದರು. ನಾನು ಕೈ ತೊಳೆದುಕೊಂಡು ಹೋಗಿ ಮಲಗಿದೆ. ಆಮೇಲೆ ಒಂಬತ್ತು ದಿನ ಏಳಲಿಲ್ಲ.

ಇವರು ಜಮಖಂಡಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಹೆಣ್ಣುಮಗಳು. ಏನಾಗಿದೆ ಎಂದು ಅವರು ಕೇಳಲೇ ಇಲ್ಲ. "ದಿನಾ ಏನು ಮಾಡ್ತೀಯವ್ವ?" ಎಂದು ಕೇಳಿದರು. "ಏನೂ ಮಾಡಾಕ ಬಿಡೂದಿಲ್ರಿ" ಎಂದೆ. ಅಂದ ಮೇಲೆ ಅಳು ಬಂತು. ಅವರು ಗುಳಿಗೆ ಬರೆದುಕೊಟ್ಟರು, ಬಿಡದೆ ತೆಗೆದುಕೊಳ್ಳಲು ಹೇಳಿದರು. ಬಿಸಿಲು, ತಿರುಗಾಟ, ಎಲ್ಲ ನೀವು ಹೇಳಿದ್ದೇ. ಆದರೆ ಇನ್ನೊಂದು ಹೇಳಿದರು. ದಿನಕ್ಕೊಂದು ಸಣ್ಣ ಕೆಲಸ ನನ್ನದೇ ಆಗಿರಬೇಕಂತೆ. ಶುರು ಮಾಡಿದ್ದು ನನ್ನ ಕೈಯಲ್ಲೇ ಮುಗಿಯಬೇಕಂತೆ, ಕೆಟ್ಟರೂ ಸೈ.

ಕಾಕಾ, ಬರೆಯಲೋ ಬೇಡವೋ ಎಂದು ತಡೆದು ತಡೆದು ಇದನ್ನು ಬರೆಯುತ್ತಿದ್ದೇನೆ. ನೀವು ರಾಟಿ ಅಟ್ಟಕ್ಕೆ ಹಾಕಿದ ಮೇಲೆ ಚಿಗವ್ವ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅವಳ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ಆಡುತ್ತಿದ್ದವು, ಎಳೆ ಹೊಸೆಯುವ ಹಾಗೆ. ನಡುವೆ ಏನೂ ಇರುತ್ತಿರಲಿಲ್ಲ. ನೀವು ನೋಡಿ, "ಗಾಳಿ ನೂಲಾಕತ್ತಾಳ ನೋಡ್ರೋ, ಗಾಳಿ ಕಂಬಳಿ ನೇಯ್ತೇನಿ ನಾ" ಎಂದು ನಕ್ಕಿರಿ. ನಾನೂ ನಕ್ಕೆ. ಆಗ ನನಗೆ ಹದಿನೆಂಟು.

ಮೊನ್ನೆ ಹಾಸಿಗೆಯಲ್ಲಿ ನನ್ನ ಕೈ ನೋಡಿಕೊಂಡೆ. ರೊಟ್ಟಿ ಬಡಿಯುವ ಹಾಗೆ ಸುಮ್ಮನೆ ಆಡುತ್ತಿತ್ತು.

ಮಾಲಾ


ಹುನ್ನೂರ
5 ಫೆಬ್ರವರಿ 2025

ಮಾಲಾ,

ಓದಿದೆ. ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ಚೇಷ್ಟೆಯೇ ಬಂತು.

ಕೆಳಗಿನದನ್ನು ಯಂಕವ್ವನಿಗೆ ಓದಿ ಹೇಳು, ಪಡಸಾಲೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ಬೀಗತಿಯವರೇ, ನಾನು ನಿಮ್ಮ ಮನೆಯಲ್ಲಿ ನಿಂತು ಹೇಳಿದ ಮಾತು ತಪ್ಪು. ವಾಪಸು ತೆಗೆದುಕೊಂಡಿದ್ದೇನೆ. ಮಾಲಾ ರೊಟ್ಟಿ ಬಡಿದರೆ ಬಡಿಯಲಿ, ಹರಿದರೆ ಹರಿದದ್ದನ್ನೇ ಉಣ್ಣಿರಿ. ನಿಮ್ಮ ಮೇಲೆ ನಾನು ಏನೂ ಅನ್ನುವುದಿಲ್ಲ. ತಪ್ಪು ನನ್ನದು.

ಗಿರಮಲ್ಲಪ್ಪ


ಹುನ್ನೂರ
23 ಫೆಬ್ರವರಿ 2025

ಮಾಲಾ ಮಗಳೇ,

ಈ ಸಲ ನಗಿಸಲು ಬರೆಯುತ್ತಿಲ್ಲ. ಅಭ್ಯಾಸಬಲದಿಂದ ಎಲ್ಲಿಯಾದರೂ ನಗೆ ಬಂದರೆ ಬಿಟ್ಟು ಓದು.

ಲಗಮವ್ವ ಮಂಕಾದದ್ದಕ್ಕೂ ಕಾರಣವಿರಲಿಲ್ಲ. ನಾನು ಕಾರಣ ಕೇಳಿ ಕೇಳಿ ಅವಳ ಜೀವ ತಿಂದೆ. ನಮ್ಮವರಲ್ಲಿ ಹೆಣ್ಣು ನೂಲಬೇಕು, ಗಂಡು ನೇಯಬೇಕು. ಅವಳ ಎಳೆಯೆಂದರೆ ಹೇಗಿತ್ತು ನಿನಗೆ ಗೊತ್ತು, ಮೊಳ ಹಿಡಿದು ಎಳೆದರೂ ಒಂದೇ ಸಮ. ನನ್ನ ಕಂಬಳಿಗೆ ಜಮಖಂಡಿಯಿಂದ ಮುಧೋಳದವರೆಗೆ ಹೆಸರಿತ್ತು ಎಂದು ಎಷ್ಟು ಸಲ ಹೇಳಿಲ್ಲ ನಾನು? ಹೆಸರು ಆ ಎಳೆಯದು. ನಾನು ಅದನ್ನು ಅಡ್ಡ ಉದ್ದ ಮಾಡುತ್ತಿದ್ದೆ ಅಷ್ಟೇ.

ಅವಳು ಮಂಕಾದ ವರ್ಷ ನೂಲು ಗಂಟು ಗಂಟಾಗಿ ಬರತೊಡಗಿತು. ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಕೂದಲಿನಷ್ಟು ಸಣ್ಣ. ಒಂದು ದಿನ ಕಟ್ಟೆಯ ಮೇಲೆ ಎಲ್ಲರ ಮುಂದೆ ಆ ಉಂಡೆ ಎತ್ತಿ ಹಿಡಿದು, "ಇಲಿ ನುಂಗಿದ ಹಾವು ನೋಡೀರೇನ್ರೋ? ಇಲ್ಲಿ ಐತಿ" ಎಂದೆ. ಎಲ್ಲರೂ ನಕ್ಕರು. ಅವಳು ಬಾಗಿಲಲ್ಲಿ ನಿಂತಿದ್ದಳು, ನನಗೆ ಚಹಾ ತಂದಿದ್ದಳು.

ಮರುದಿನವೇ ರಾಟಿಯನ್ನು ಅಟ್ಟಕ್ಕೆ ಹಾಕಿದೆ. ಅವಳ ಆರಾಮಕ್ಕೆ ಎಂದು ಊರಿಗೆ ಹೇಳಿದೆ, ನಿನಗೂ ಬರೆದೆ. ಸುಳ್ಳು. ಗಂಟುನೂಲಿನಿಂದ ನನ್ನ ಕಂಬಳಿಯ ಹೆಸರು ಕೆಡುತ್ತದೆಂದು ಹಾಕಿದ್ದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನನಗೂ ಅವಳನ್ನು ರಾಣಿಯ ಹಾಗೆ ಕೂರಿಸಿದ ಕಥೆಯೇ ಖರೆ ಅನಿಸಿಬಿಟ್ಟಿತ್ತು. ಆಮೇಲೆ ಅದೇ ಕಥೆಯನ್ನು ಒಯ್ದು ನಿಮ್ಮ ಮನೆಯ ಪಡಸಾಲೆಯಲ್ಲಿ ಇಲಾಜು ಎಂದು ಹಂಚಿ ಬಂದೆ.

ಒಂದು ವರ್ಷ ಅವಳು ಹಾಗೇ ಕೂತಳು. ಆಮೇಲೊಂದು ದಿನ ಚೀಲ ಹಿಡಿದು, "ನಿಂಗಣ್ಣನ ಮನಿಗೆ ಹೋಗಿ ನಾಕ ದಿನ ಇದ್ದ ಬರ್ತೇನ್ರಿ" ಅಂದಳು. ಆ ನಾಲ್ಕು ದಿನ ಅವಳ ಮಾತೇ. ನಾನು ಹಿಡಿದುಕೊಂಡು ಕೂತಿದ್ದೇನೆ.

ಅಂದ ಹಾಗೆ, ಬ್ಯಾರೇಜಿಗೆ ಕಲ್ಲು ಹೊತ್ತದ್ದೂ ಅವಳೇ. ಹೊಸದಾಗಿ ಮದುವೆಯಾಗಿತ್ತು. ಮೊದಲ ದಿನವೇ ನನಗೆ ನಡು ಉಳುಕಿತು, ಉಳಿದ ಹನ್ನೊಂದು ದಿನ ನೆರಳಲ್ಲಿ ಮಲಗಿದ್ದೆ. ಅವಳು ಯಾರಿಗೂ ಹೇಳಲಿಲ್ಲ.

ಗಿರಮಲ್ಲಪ್ಪ


ಮಹಾಲಿಂಗಪುರ
19 ಮಾರ್ಚ್ 2025

ಕಾಕಾ ಅವರಿಗೆ,

ನೀವು ಕಳಿಸಿದ್ದನ್ನು ಪಡಸಾಲೆಯಲ್ಲಿ ಓದಿದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹಂಗಾರ ನಾಳಿಂದ ಅಗಸಿ ಹಿಂಡಿ ನಿನ್ನ ಪಾಲಿಗೆವ್ವ" ಎಂದರು. ಈಗ ದಿನಾ ಅಗಸಿ ಹುರಿದು ಚಟ್ನಿಪುಡಿ ಕುಟ್ಟುತ್ತೇನೆ. ಮೂರು ಸಲ ಸೀದು ಹೋಯಿತು, ಉಂಡರು. ಮನೆಯಲ್ಲಿ ಈಗ ಎರಡು ತಿಂಗಳಿಗಾಗುವಷ್ಟು ಹಿಂಡಿ ಇದೆ. ಇವರು ಬೆಲ್ಲದ ಪೇಟೆಯವರಿಗೂ ಹಂಚುತ್ತಿದ್ದಾರೆ.

ಪೂರ್ತಿ ಆರಾಮಾಗಿಲ್ಲ. ಗುಳಿಗೆ ನಡೆದಿವೆ. ಕೆಲವು ದಿನ ಒರಳಿನ ಮುಂದೆ ಕೂತು ಒಂದೇ ಪೆಟ್ಟು ಕುಟ್ಟಿ ಎದ್ದು ಬರುತ್ತೇನೆ. ಅವತ್ತಿಗೆ ಅದೇ ಸಾಕು ಎಂದುಕೊಳ್ಳುತ್ತೇನೆ. ಮಾಳಿಗೆಯ ಮೇಲೆ ಹೋದರೆ ಪಕ್ಕದ ಮನೆಯ ಹುಂಜ ಕಾಣುತ್ತದೆ. ಅದಕ್ಕೆ ಏನು ಹೆಸರಿಟ್ಟಿದ್ದೇನೆ ಎಂದು ನಿಮಗೆ ಹೇಳುವುದಿಲ್ಲ.

ಕಾಕಾ, ಆ ರಾಟಿ ಒಯ್ದು ಚಿಗವ್ವನಿಗೆ ಕೊಟ್ಟು ಬರ್ರಿ. ಅಲ್ಲಿ ಜಂಬದ ಮಾತು ಬೇಡ. ನಗೆಚಾಟಿಕೆಯಂತೂ ಬೇಡವೇ ಬೇಡ.

ಮಾಲಾ


ಹುನ್ನೂರ
6 ಏಪ್ರಿಲ್ 2025

ಮಾಲಾ ಮಗಳೇ,

ಹೋಗಿದ್ದೆ, ಯುಗಾದಿ ಮುಗಿದ ಮೇಲೆ.

ಅಟ್ಟದಿಂದ ರಾಟಿ ಇಳಿಸಿದೆ. ಗೆದ್ದಲು ಹತ್ತಿರಲಿಲ್ಲ. ಜೇಡ ಬಲೆ ಕಟ್ಟಿತ್ತು, ಅದೊಂದೇ ಇಷ್ಟು ವರ್ಷ ಅದರಲ್ಲಿ ನೂತದ್ದು. ಒರೆಸಿ, ಎಣ್ಣೆ ಬಿಟ್ಟು, ಗೋಣಿಚೀಲ ಸುತ್ತಿಕೊಂಡು ಹೊರಟೆ. ಜಮಖಂಡಿಯಲ್ಲಿ ಒಂದು ಬಸ್ಸು, ಮುಧೋಳದಲ್ಲಿ ಇನ್ನೊಂದು. ಕಂಡಕ್ಟರ್ "ಇದಕ್ಕೂ ಅರ್ಧ ಟಿಕೀಟ ಅಕ್ಕೈತ್ರಿ ಅಜ್ಜಾರ" ಅಂದ. ಬಾಯಿಗೆ ಒಳ್ಳೆಯ ಉತ್ತರ ಬಂದಿತ್ತು. ನುಂಗಿ, ಟಿಕೀಟು ತೆಗೆಸಿದೆ. ಬೀಳಗಿ ಮುಟ್ಟುವವರೆಗೆ ಸುಮ್ಮನಿರುವುದನ್ನು ರೂಢಿ ಮಾಡಿಕೊಂಡೆ.

ಲಗಮವ್ವ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು ನೂಲುತ್ತಿದ್ದಳು, ಬೇರೊಂದು ರಾಟಿಯಲ್ಲಿ. ತಲೆ ಬೆಳ್ಳಗಾಗಿದೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ರಾಟಿ ನಿಲ್ಲಿಸಲಿಲ್ಲ.

"ಬರ್ರಿ. ಕುಂಡ್ರರಿ. ಬಿಸಲಾಗ ಬಂದೀರಿ."

ಕೂತೆ. ಗೋಣಿಚೀಲ ಬಿಚ್ಚಿದೆ. ಅವಳು ಒಮ್ಮೆ ನೋಡಿ ಮತ್ತೆ ಎಳೆಯ ಕಡೆ ಕಣ್ಣು ತಿರುಗಿಸಿದಳು. ಎಳೆ ಒಂದೇ ಸಮ ಬರುತ್ತಿತ್ತು, ಮೊದಲಿನ ಹಾಗೆ.

"ಲಗಮವ್ವಾ, ಇದನ್ನ ನಿನ್ನ ಆರಾಮಕ್ಕಂತ ಅಟ್ಟಕ್ಕ ಹಾಕಿದ್ದಿಲ್ಲ ನಾ. ಗಂಟ ಬರಾಕತ್ತಿತ್ತು, ನನ್ನ ಕಂಬಳಿ ಹೆಸರ ಕೆಡತೈತಿ ಅಂತ ಹಾಕಿದ್ದೆ."

"ಗೊತ್ತೈತ್ರಿ."

"ಯಾವಾಗಿಂದ?"

"ಅವತ್ತಿಂದನ. ನೀವು ಅಟ್ಟ ಹತ್ತುವಾಗ ಕೆಳಗ ನಿಚ್ಚಣಿಕಿ ಹಿಡಕೊಂಡ ನಿಂತಾಕಿ ನಾನ ಅಲ್ಲೇನ್ರಿ? ನಿಮ್ಮ ಮಾರಿ ನೋಡೇನಿ."

ಮಗಳೇ, ಅದು ನನಗೆ ಮರೆತೇಹೋಗಿತ್ತು. ನಿಚ್ಚಣಿಕೆ ಅಲುಗುತ್ತಿತ್ತು, ನಾನೇ ಕರೆದು ಹಿಡಿಸಿದ್ದೆ.

ನಿನ್ನ ಸಂಗತಿಯನ್ನೆಲ್ಲ ಅವಳಿಗೆ ಹೇಳಿದೆ. ನಿಂಗಣ್ಣ ಬಂದು ಮಾತಾಡಿಸಿ ಹೊಲಕ್ಕೆ ಹೋದ. ಕೊನೆಗೆ "ಮನಿಗೆ ಬಾ" ಎಂದೆ. ಆಗ ಅವಳು ರಾಟಿ ನಿಲ್ಲಿಸಿದಳು.

"ಬ್ಯಾಡ್ರಿ. ಇಲ್ಲಿಗೆ ಬಂದ ಮ್ಯಾಲ ಎರಡ ವರ್ಷ ಇವು ಬರೇ ಗಂಟ ನೂತಾವ. ಇಲ್ಲಿ ಯಾರೂ ಏನೂ ಅನ್ನಲಿಲ್ಲ. ತಾವ ಸುದ್ದ ಆದುವು. ಈಗ ಈ ರಾಟಿಗೆ ಹೊಂದಿಕೊಂಡಾವ, ಮತ್ತ ತಪ್ಪಸಬ್ಯಾಡ್ರಿ." ತನ್ನ ಕೈಗಳ ಬಗ್ಗೆಯೇ ಹೇಳುತ್ತಿದ್ದಳು, ಎರಡು ಮಕ್ಕಳ ಬಗ್ಗೆ ಹೇಳುವ ಹಾಗೆ.

ಎದ್ದಾಗ, "ಅದನ್ನ ಮಾಲಾಗ ಕೊಡ್ರಿ. ಗಂಟ ಬಂದ್ರ ಬರ್ಲಿ ಅನ್ರಿ, ಕೈ ಆಡಬೇಕಷ್ಟ" ಎಂದಳು. ಚಹಾ ಮಾಡಿಕೊಟ್ಟಳು. ಕುಡಿದು ಬಂದೆ.

ರಾಟಿಯನ್ನು ಸೋಮಲಿಂಗನ ಅಂಗಡಿಯ ಗಾಡಿಯಲ್ಲಿ ಕಳಿಸಿದ್ದೇನೆ, ಎರಡು ಕುರಿಯ ಉಣ್ಣೆಯನ್ನೂ ಹಿಂಜಿ ಇಟ್ಟಿದ್ದೇನೆ.

ಗಿರಮಲ್ಲಪ್ಪ


ಮಹಾಲಿಂಗಪುರ
22 ಮೇ 2025

ಕಾಕಾ ಅವರಿಗೆ,

ನಿಮಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳದೆ ಇಟ್ಟರೆ ಅದೂ ಅಟ್ಟಕ್ಕೆ ಹಾಕಿದ ಹಾಗೇ ಆಗುತ್ತದೆ.

ಚಿಗವ್ವ ಬಂದಿದ್ದಳು. ನಾನು ಕರೆದಿರಲಿಲ್ಲ. ಚೀಲ ಹಿಡಿದು ಬಾಗಿಲಲ್ಲಿ ನಿಂತು, "ನಾಕ ದಿನ ಇದ್ದ ಹೋಗ್ತೇನವ್ವ" ಎಂದಳು. ನನ್ನ ಹಿಂದೆ ಕೂತು, ನನ್ನ ಕೈಯ ಮೇಲೆ ಕೈ ಇಟ್ಟು ನೂಲಿಸಿದಳು. ಏನಾಗಿದೆ ಎಂದು ಕೇಳಲಿಲ್ಲ. ಒಂದು ಮಧ್ಯಾಹ್ನ ಮಾತ್ರ, "ನನಗೂ ಹಿಂಗ ಆಗಿತ್ತು. ಹೋಗತೈತಿ, ಮತ್ತ ಬರತೈತಿ, ಮತ್ತ ಹೋಗತೈತಿ. ಬಂದಾಗ ರಾಟಿ ದೂರ ಇಡಬ್ಯಾಡ" ಎಂದಳು. ಐದನೇ ದಿನ ಮುಂಜಾನೆ ಬೀಳಗಿಯ ಬಸ್ಸು ಹತ್ತಿದಳು.

ನಾನು ನೂತ ನೂಲು ಕಳಿಸಿದ್ದೇನೆ. ಎಲ್ಲ ಗಂಟೇ. ಬೇಡವಾದರೆ ಇಟ್ಟುಬಿಡಿರಿ.

ಮಾಲಾ


ಹುನ್ನೂರ
8 ಜೂನ್ 2025

ಮಾಲಾ ಮಗಳೇ,

ನಿನ್ನ ಕಾಗದ ಓದಿ ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ನಿನಗೆ ಸುಳ್ಳು ಯಾಕೆ ಹೇಳಲಿ? ಆಮೇಲೆ ತಿಳಿಯಿತು. ನಾಲ್ಕು ದಿನ ಅಂದರೆ ನಾಲ್ಕೇ ದಿನ ಇದ್ದು ಹೋಗುವವಳು ಅವಳು. ನನ್ನ ಹತ್ತಿರ ಅಂದ ನಾಲ್ಕು ದಿನ ಮಾತ್ರ ಮುಗಿಯಲಿಲ್ಲ.

ನೂಲು ಮುಟ್ಟಿತು. ಮಗ್ಗಕ್ಕೆ ಹಾಕಿದ್ದೇನೆ. ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಕುದಿಸುವುದು ಮೊದಲು ಅವಳ ಕೆಲಸವಾಗಿತ್ತು, ಈಗ ನಾನೇ ಕುದಿಸುತ್ತೇನೆ, ತಳ ಹತ್ತಿಸುತ್ತೇನೆ. ಗಂಟು ಬಂದಲ್ಲಿ ಬೆರಳು ಅದನ್ನು ಕಿತ್ತುಹಾಕಲು ತಾನೇ ಹೋಗುತ್ತದೆ, ನಲವತ್ತು ವರ್ಷದ ಚಟ. ಹಿಡಿದು ಹಿಂದೆ ತರುತ್ತೇನೆ. ಒಂದು ಮೊಳ ನೇಯಲು ಮೊದಲಿನ ಎರಡರಷ್ಟು ಹೊತ್ತು ಬೇಕು.

ನಿನ್ನೆ ಗುರುಸಿದ್ದ ಬಂದು ಮಗ್ಗದ ಮೇಲೆ ಕೈಯಾಡಿಸಿದ. "ಏನೋ ಮಹಾರಾಜ, ಕಂಬಳ್ಯಾಗ ಬರೇ ಗಂಟ ಅದಾವಲ್ಲೋ. ಯಾರ ನೂತಾರ ಇದನ್ನ?"

"ನನ್ನ ಮಗಳ ನೂತಾಳ."

"ಕಿತ್ತಿ ತಗಿಯೋ, ಹೆಸರ ಕೆಡತೈತಿ."

"ಕೆಡ್ಲಿ ಬಿಡ."

ಅವನು ನಾನು ಇನ್ನೂ ಏನೋ ಅನ್ನುತ್ತೇನೆಂದು ಕಾದ. ನಾನು ಲಾಳಿ ಎಸೆದೆ. ಹೊರಡುವಾಗ ಬಾಗಿಲಲ್ಲಿ ತಿರುಗಿ, ಎಂದಿನ ಹಾಗೆ, "ಮತ್ತ ನಮ್ಮ ವೈನಿ ಲಗಮವ್ವ ಯಾವಾಗ ಬರ್ತಾರೋ?" ಎಂದು ಕೇಳಿದ.

"ಬರೂದಿಲ್ಲ" ಎಂದೆ.

ಐದೂವರೆ ವರ್ಷದಲ್ಲಿ ಮೊದಲ ಸಲ ಅಂದದ್ದು. ಗುರುಸಿದ್ದ ಬಂದು ನನ್ನ ಪಕ್ಕ ಕೂತ. ಸಂಜೆಯವರೆಗೆ ಉಣ್ಣೆ ಹಿಂಜಿಕೊಟ್ಟು ಹೋದ.

ಕಂಬಳಿ ಮುಗಿದ ಮೇಲೆ ನಿನಗೇ ಕಳಿಸುತ್ತೇನೆ. ಮುಟ್ಟಿ ನೋಡಿದರೆ ಯಾವ ಗಂಟು ಯಾವ ದಿನದ್ದೆಂದು ನಿನಗೆ ಗೊತ್ತಾಗಬಹುದು. ನಾನು ಒಂದನ್ನೂ ಬಿಚ್ಚಿಲ್ಲ.

ಗಿರಮಲ್ಲಪ್ಪ